ಎಡಿಎಚ್‌ಡಿ ಮಾತ್ರೆ ಮತ್ತು ನರಮಂಡಲ: ಪದೇ ಪದೇ ಕೇಳುವ ಪ್ರಶ್ನೆಗಳು

ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ, ಅಂದರೆ ಎಡಿಎಚ್‌ಡಿಗೆ, ವೈದ್ಯರು ಉತ್ತೇಜಕ ಔಷಧಿ ಬರೆದುಕೊಟ್ಟ ದಿನವೇ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷಕ್ಕೆ ಆ ಮಾತ್ರೆ ವಿಷ, ಇನ್ನೊಂದಕ್ಕೆ ಸಂಜೀವಿನಿ. ಅದು ಎರಡೂ ಅಲ್ಲ. ಬಹಳ ಮಂದಿಗೆ ಚೆನ್ನಾಗಿ ಕೆಲಸ ಮಾಡುವ, ಕೆಲವರಿಗೆ ಒಗ್ಗದ, ಎಲ್ಲರಲ್ಲೂ ಕಣ್ಣಿಟ್ಟು ನೋಡಬೇಕಾದ ಔಷಧಿ ಅದು. ಮೆದುಳು ಮತ್ತು ನರಗಳಿಗೆ ಸಂಬಂಧಿಸಿದ ಅಡ್ಡ ಪರಿಣಾಮಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಡೋಸ್ ಏರಿಸುವುದು, ಇಳಿಸುವುದು, ನಿಲ್ಲಿಸುವುದು ಮಾತ್ರ ಔಷಧಿ ಬರೆದ ವೈದ್ಯರ ಜೊತೆ ಕೂತು ತೀರ್ಮಾನಿಸಬೇಕಾದ ಸಂಗತಿ.

ಉತ್ತೇಜಕ ಎಂದರೆ ಯಾವ ಔಷಧಿಗಳು? ಅವು ಮೆದುಳಿನಲ್ಲಿ ಏನು ಮಾಡುತ್ತವೆ?

ಮುಖ್ಯವಾಗಿ ಎರಡು ಕುಟುಂಬಗಳು. ಒಂದು ಮೀಥೈಲ್‌ಫೆನಿಡೇಟ್, ಇನ್ನೊಂದು ಆಂಫೆಟಮಿನ್. ಲಿಸ್‌ಡೆಕ್ಸಾಂಫೆಟಮಿನ್ ಎರಡನೆಯ ಕುಟುಂಬಕ್ಕೆ ಸೇರಿದ್ದು.

ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಡೋಪಮಿನ್, ನಾರ್‌ಎಪಿನೆಫ್ರಿನ್‌ನಂಥ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಕೆಲಸ ಮುಗಿದ ಮೇಲೆ ಅವನ್ನು ಮತ್ತೆ ಒಳಗೆ ಎಳೆದುಕೊಳ್ಳುವ ಸಾಗಣೆ ಪ್ರೋಟೀನುಗಳೂ ಇವೆ. ಮೀಥೈಲ್‌ಫೆನಿಡೇಟ್ ಈ ಪ್ರೋಟೀನುಗಳನ್ನು ತಡೆಯುತ್ತದೆ, ಹಾಗಾಗಿ ಡೋಪಮಿನ್ ಹೊರಗೆ ಹೆಚ್ಚು ಹೊತ್ತು ಉಳಿಯುತ್ತದೆ. ಆಂಫೆಟಮಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೋಶದೊಳಗಿನ ದಾಸ್ತಾನನ್ನೂ ಹೊರಗೆ ತಳ್ಳುತ್ತದೆ. ಅಡ್ಡ ಪರಿಣಾಮಗಳಲ್ಲಿ ಈ ಎರಡು ಕುಟುಂಬಗಳ ನಡುವೆ ಕಾಣುವ ಕೆಲವು ವ್ಯತ್ಯಾಸಗಳ ಬೇರು ಇಲ್ಲಿರಬಹುದು.

1998ರಲ್ಲಿ ಅಮೆರಿಕದ ಮೆದುಳು ಸಂಶೋಧಕಿ ನೋರಾ ವೋಲ್ಕೋ ಮತ್ತು ಸಂಗಡಿಗರು, ಮೆದುಳಿನೊಳಗಿನ ರಾಸಾಯನಿಕ ಚಟುವಟಿಕೆಯನ್ನು ಚಿತ್ರವಾಗಿ ತೋರಿಸುವ ಪೆಟ್ ಸ್ಕ್ಯಾನ್ ಬಳಸಿ ಅಳೆದಾಗ, ವಯಸ್ಕರಿಗೆ ಬಾಯಿಯ ಮೂಲಕ ಕೊಟ್ಟ 20 ಮಿಲಿಗ್ರಾಂ ಮೀಥೈಲ್‌ಫೆನಿಡೇಟ್ ಡೋಪಮಿನ್ ಸಾಗಣೆಯ ಅರ್ಧಕ್ಕಿಂತ ಹೆಚ್ಚನ್ನು ತಡೆದಿತ್ತು. ಡೋಸನ್ನು 40ರಿಂದ 60ಕ್ಕೆ ಏರಿಸಿದಾಗ ಆ ಪ್ರಮಾಣ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಡೋಸ್ ಏರಿಸಿದಷ್ಟೂ ಲಾಭ ಅದೇ ಲೆಕ್ಕದಲ್ಲಿ ಏರುತ್ತದೆ ಎಂದುಕೊಳ್ಳುವವರು ಗಮನಿಸಬೇಕಾದ ಮಾತಿದು.

ಮೊದಲೇ ಕುಣಿಯುವ ಮಗುವಿಗೆ ಉತ್ತೇಜಕ ಕೊಡುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಲ್ಲವೇ?

ಹಾಗೆ ಅನಿಸುವುದು ಸಹಜ. ಈ ಚಿಕಿತ್ಸೆ ಹುಟ್ಟಿದ ಕತೆಯೂ ಅಷ್ಟೇ ವಿಚಿತ್ರ. ಅಮೆರಿಕದ ರೋಡ್ ಐಲೆಂಡ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರಿದ್ದರು. ಮೆದುಳಿನ ಎಕ್ಸ್‌ರೇ ಸ್ಪಷ್ಟವಾಗಿ ಬರಲೆಂದು ಆ ಕಾಲದಲ್ಲಿ ಬೆನ್ನುಹುರಿಯ ದ್ರವ ತೆಗೆದು ಗಾಳಿ ತುಂಬುತ್ತಿದ್ದರು. ಅದರಿಂದ ಮಕ್ಕಳಿಗೆ ಭಯಂಕರ ತಲೆನೋವು ಬರುತ್ತಿತ್ತು. ಆ ನೋವಿಗೆಂದು ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಕೊಟ್ಟು ನೋಡಿದರು. ತಲೆನೋವಿಗೆ ಅದರಿಂದ ಹೇಳಿಕೊಳ್ಳುವ ಪ್ರಯೋಜನವಾಗಲಿಲ್ಲ, ಆದರೆ ಕೆಲವು ಮಕ್ಕಳು ಪಾಠದಲ್ಲಿ ದಿಢೀರನೆ ಮುಂದೆ ಬಂದರು. ಮಕ್ಕಳೇ ಅದನ್ನು ‘ಲೆಕ್ಕದ ಮಾತ್ರೆ’ ಎಂದು ಕರೆದರಂತೆ. 1937ರಲ್ಲಿ ಬ್ರಾಡ್ಲಿ ಇದನ್ನು ಪ್ರಕಟಿಸಿದರು.

‘ಎಡಿಎಚ್‌ಡಿ ಇರುವವರಿಗೆ ಮಾತ್ರ ಈ ಔಷಧಿ ತಿರುಗುಮುರುಗಾಗಿ ಕೆಲಸ ಮಾಡುತ್ತದೆ’ ಎಂಬ ನಂಬಿಕೆ ಇಂದಿಗೂ ಇದೆ. 1978ರಲ್ಲಿ ಜೂಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಆಂಫೆಟಮಿನ್ ಕೊಟ್ಟು ನೋಡಿದಾಗ ಅವರಲ್ಲೂ ಚಡಪಡಿಕೆ ಇಳಿದು ಗಮನ ಹೆಚ್ಚಿತ್ತು. ಆದ್ದರಿಂದ ‘ಮಾತ್ರೆ ಕೆಲಸ ಮಾಡಿತು, ಹಾಗಾದರೆ ರೋಗ ಖಚಿತ’ ಎಂಬ ತರ್ಕ ನಿಲ್ಲುವುದಿಲ್ಲ. ‘ಅಡ್ಡ ಪರಿಣಾಮ ಬಂತು, ಹಾಗಾದರೆ ರೋಗವೇ ಇರಲಿಲ್ಲ’ ಎಂಬುದೂ ಅಷ್ಟೇ ಪೊಳ್ಳು.

ಯಾವುದು ಮಾತ್ರೆಯಿಂದ ಬಂದದ್ದು, ಯಾವುದು ಮೊದಲೇ ಇದ್ದದ್ದು ಎಂದು ಹೇಗೆ ತಿಳಿಯುವುದು?

ಗಡಿಯಾರ ನೋಡಿ. ಈ ಪುಟದಿಂದ ಒಂದೇ ಒಂದು ಸಂಗತಿ ತೆಗೆದುಕೊಂಡು ಹೋಗುವುದಾದರೆ ಇದನ್ನೇ ತೆಗೆದುಕೊಂಡು ಹೋಗಿ.

ಉತ್ತೇಜಕಗಳು ದೇಹದಲ್ಲಿ ವಾರಗಟ್ಟಲೆ ಶೇಖರವಾಗಿ ಕೆಲಸ ಮಾಡುವ ಔಷಧಿಗಳಲ್ಲ. ಬೆಳಿಗ್ಗೆ ಏರುತ್ತವೆ, ಸಂಜೆಗೆ ಇಳಿಯುತ್ತವೆ. ಸಾಮಾನ್ಯ ಮೀಥೈಲ್‌ಫೆನಿಡೇಟ್ ಮಾತ್ರೆಯ ಪ್ರಭಾವ ಮೂರು, ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳದು ಎಂಟರಿಂದ ಹನ್ನೆರಡು ಗಂಟೆ. ಲಿಸ್‌ಡೆಕ್ಸಾಂಫೆಟಮಿನ್ ಹನ್ನೆರಡು ಗಂಟೆಯನ್ನೂ ದಾಟಬಹುದು. ಹಾಗಾಗಿ ತೊಂದರೆ ಕಾಣಿಸಿದ ಹೊತ್ತೇ ಅದರ ಮೂಲವನ್ನು ಬಹುಪಾಲು ಹೇಳಿಬಿಡುತ್ತದೆ. ಔಷಧಿ ತುದಿ ಮುಟ್ಟಿದಾಗ ಬರುವುದು ಒಂದು ಬಗೆ: ಮಂಕುತನ, ನಡುಕ, ಅತಿಯಾದ ಆತಂಕ. ಇಳಿಯುವಾಗ ಬರುವುದು ಇನ್ನೊಂದು ಬಗೆ: ಸಿಡುಕು, ಅಳು, ಸಂಜೆಯ ತಲೆನೋವು. ಮಾತ್ರೆ ನುಂಗುವ ಮುಂಚೆ, ಬೆಳಿಗ್ಗೆ ಏಳುವಾಗಲೇ ಇರುವುದು ಬಹುಶಃ ಮಾತ್ರೆಯದಲ್ಲ.

ಒಂದು ಸಾದಾ ನೋಟ್‌ಬುಕ್ ಸಾಕು. ಅದರಲ್ಲಿ ಹೀಗೆ ಬರೆದಿದೆ ಎಂದುಕೊಳ್ಳಿ: ‘ಮಂಗಳವಾರ. 7.40ಕ್ಕೆ ಮಾತ್ರೆ. ತಿಂಡಿ ಅರ್ಧಕ್ಕೆ ಬಿಟ್ಟ. ಮಧ್ಯಾಹ್ನದ ಊಟದ ಡಬ್ಬಿ ಮುಟ್ಟಿಲ್ಲ. 3ಕ್ಕೆ ತಲೆನೋವು. 5.15ಕ್ಕೆ ತಮ್ಮನ ಮೇಲೆ ಕೂಗಾಟ, ಪೆನ್ಸಿಲ್ ಮುರಿದ. 6ಕ್ಕೆ ಸರಿಹೋದ. 10.30ಕ್ಕೆ ನಿದ್ದೆ.’ ಇಷ್ಟರಲ್ಲೇ ವೈದ್ಯರಿಗೆ ಮೂರು ಸುಳಿವುಗಳಿವೆ. ತಲೆನೋವಿಗೆ ಹಸಿವೂ ಕಾರಣವಿರಬಹುದು. ಕೂಗಾಟ ಮುಕ್ಕಾಲು ಗಂಟೆಯಲ್ಲಿ ತಾನಾಗಿ ತಣಿದಿದೆ, ಅಂದರೆ ಔಷಧಿ ಇಳಿಯುವ ಹೊತ್ತಿನದು. ನಿದ್ದೆ ತಡವಾಗಿದೆ, ಆದರೆ ಹಿಂದೆ ಎಷ್ಟಕ್ಕೆ ಮಲಗುತ್ತಿದ್ದ ಎಂದು ಗೊತ್ತಿಲ್ಲದೆ ಆ 10.30ಕ್ಕೆ ಅರ್ಥವಿಲ್ಲ.

ಆದ್ದರಿಂದ ಬರೆಯುವುದನ್ನು ಔಷಧಿ ಶುರುಮಾಡುವ ಒಂದು ವಾರ ಮೊದಲೇ ಆರಂಭಿಸಿ. ಉಗುರು ಕಚ್ಚುವುದು, ಬೇಸರ, ಆತಂಕ, ತಡವಾದ ನಿದ್ದೆ ಇವೆಲ್ಲ ಮಾತ್ರೆ ಮುಟ್ಟದ ಎಡಿಎಚ್‌ಡಿ ಮಕ್ಕಳಲ್ಲೂ ಧಾರಾಳವಾಗಿ ಕಾಣುತ್ತವೆ. ಇನ್ನೊಂದು ಮಾತು: ಶಾಲೆಯವರು ನೋಡುವುದು ಔಷಧಿ ಏರಿದ ಮಗುವನ್ನು, ಮನೆಯವರು ನೋಡುವುದು ಇಳಿದ ಮಗುವನ್ನು. ಶಿಕ್ಷಕರು ‘ಬಹಳ ಸುಧಾರಿಸಿದ್ದಾನೆ’ ಎಂದೂ ತಾಯಿ ‘ಹಿಂದಿಗಿಂತ ಕೆಟ್ಟದಾಗಿದೆ’ ಎಂದೂ ಒಂದೇ ವಾರದಲ್ಲಿ ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ತಲೆನೋವು ಬರುತ್ತಿದೆ. ಮೆದುಳಿಗೆ ಏನಾದರೂ ಆಗುತ್ತಿದೆಯೇ?

ತಲೆನೋವು ಸಾಮಾನ್ಯ ಅಡ್ಡ ಪರಿಣಾಮಗಳಲ್ಲಿ ಒಂದು. ಶುರುವಿನ ವಾರಗಳಲ್ಲಿ ಅಥವಾ ಡೋಸ್ ಏರಿಸಿದಾಗ ಬಂದು, ಬಹುತೇಕರಲ್ಲಿ ತಾನಾಗಿ ತಗ್ಗುತ್ತದೆ. ಊಟ ತಪ್ಪಿಸುವುದು, ನೀರು ಕುಡಿಯಲು ಮರೆಯುವುದು, ನಿದ್ದೆ ಸಾಲದಿರುವುದು ಇದರ ಹಿಂದಿರುವ ಮಾಮೂಲು ಕಾರಣಗಳು. ಹಸಿವೇ ಆಗದಂತೆ ಮಾಡುವ ಔಷಧಿ ಇದಾದ್ದರಿಂದ ‘ಹಸಿವಾದಾಗ ತಿನ್ನಲಿ’ ಎಂದು ಬಿಟ್ಟರೆ ಮಗು ಸಂಜೆಯವರೆಗೂ ಖಾಲಿ ಹೊಟ್ಟೆಯಲ್ಲಿರುತ್ತದೆ. ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ ಕೊಡುವುದು ಜಾಣತನ.

ತಲೆನೋವು ಬಿಡದೆ ಮುಂದುವರಿದರೆ ರಕ್ತದೊತ್ತಡ ನೋಡಿಸಬೇಕು. ಈ ಔಷಧಿಗಳು ರಕ್ತದೊತ್ತಡವನ್ನು ಸರಾಸರಿ 2ರಿಂದ 4 ಮಿಲಿಮೀಟರ್ ಪಾದರಸದಷ್ಟೇ ಏರಿಸುತ್ತವೆ. ಆದರೆ ಸರಾಸರಿ ಎಂಬುದು ಎಲ್ಲರಿಗೂ ಅನ್ವಯಿಸುವುದಿಲ್ಲ, ಕೆಲವರಲ್ಲಿ ಹೆಚ್ಚೇ ಏರುತ್ತದೆ.

ಮಾತ್ರೆ ಶುರುವಾದ ಮೇಲೆ ರಾತ್ರಿ ನಿದ್ದೆಯೇ ಬರುವುದಿಲ್ಲ. ಏನು ಮಾಡುವುದು?

ಹಸಿವು ಕುಗ್ಗುವುದನ್ನು ಬಿಟ್ಟರೆ ಅತಿ ಹೆಚ್ಚು ಕೇಳಿಬರುವ ದೂರು ಇದೇ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಮೀಥೈಲ್‌ಫೆನಿಡೇಟ್ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಔಷಧಿ ತೆಗೆದುಕೊಂಡ ಮಕ್ಕಳಲ್ಲಿ ನಿದ್ದೆಯ ತೊಂದರೆಯ ಸಾಧ್ಯತೆ ಶೇ 60ರಷ್ಟು ಹೆಚ್ಚಿತ್ತು.

ಇಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಸ್ಥಿತಿಗಳಿವೆ, ಇವನ್ನು ಬೇರ್ಪಡಿಸದೆ ಪರಿಹಾರ ಹುಡುಕಿದರೆ ಎಡವುತ್ತೇವೆ. ಮೊದಲನೆಯದರಲ್ಲಿ ಔಷಧಿ ಮಲಗುವ ಹೊತ್ತಿಗೂ ದೇಹದಲ್ಲಿ ಉಳಿದಿರುತ್ತದೆ. ಮಗು ಹಾಸಿಗೆಯಲ್ಲಿ ಸುಮ್ಮನೆ, ಕಣ್ಣು ತೆರೆದು, ಶಾಂತವಾಗಿ ಮಲಗಿರುತ್ತದೆ. ನಿದ್ದೆ ಮಾತ್ರ ಹತ್ತಿರ ಸುಳಿಯುವುದಿಲ್ಲ. ಇಂಥವರಿಗೆ ಮಾತ್ರೆಯನ್ನು ಇನ್ನಷ್ಟು ಬೇಗ ಕೊಡುವುದು, ಮಧ್ಯಾಹ್ನದ ಡೋಸ್ ಕೈಬಿಡುವುದು, ಕಡಿಮೆ ಹೊತ್ತಿನ ಮಾತ್ರೆಗೆ ಬದಲಿಸುವುದು ಕೆಲಸಕ್ಕೆ ಬರುತ್ತದೆ. ಎರಡನೆಯದರಲ್ಲಿ ಔಷಧಿ ಪೂರ್ತಿ ಇಳಿದುಹೋಗಿ ಹಳೆಯ ಚಡಪಡಿಕೆ ಮರಳಿರುತ್ತದೆ. ಮಗು ಹಾಸಿಗೆಯಿಂದ ಹತ್ತು ಸಲ ಎದ್ದು ಬರುತ್ತದೆ, ಮಾತು ನಿಲ್ಲಿಸುವುದಿಲ್ಲ. ಇವರಿಗೆ ಔಷಧಿ ಇನ್ನಷ್ಟು ತಗ್ಗಿಸಿದರೆ ರಾತ್ರಿ ಇನ್ನೂ ಹದಗೆಡಬಹುದು. ಅಂಥ ಕೆಲವರಿಗೆ ವೈದ್ಯರು ಸಂಜೆ ಸಣ್ಣ ಡೋಸ್ ಕೊಟ್ಟು ನೋಡುವುದೂ ಉಂಟು. ಕೇಳಿದವರು ಹುಬ್ಬೇರಿಸುತ್ತಾರೆ, ಆದರೆ ಅದು ಹುಚ್ಚುತನವಲ್ಲ.

ಎರಡು ಮೂರು ವಾರ ಕಾದರೆ ಅನೇಕರಿಗೆ ನಿದ್ದೆ ತಾನಾಗಿ ಹದಕ್ಕೆ ಬರುತ್ತದೆ. ಮಲಗುವ ಮುಂಚಿನ ಒಂದು ಗಂಟೆ ಮೊಬೈಲ್ ದೂರವಿಡುವುದು, ದಿನವೂ ಒಂದೇ ಹೊತ್ತಿಗೆ ಏಳುವುದು ಹಳೆಯ ಸಲಹೆಗಳೇ, ಆದರೂ ಕೆಲಸ ಮಾಡುತ್ತವೆ. ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಅನ್ನು ಅಂಗಡಿಯಿಂದ ಸ್ವಂತವಾಗಿ ತಂದು ಕೊಡಬೇಡಿ, ವೈದ್ಯರನ್ನು ಕೇಳಿ.

ಸಂಜೆಯಾದರೆ ಸಾಕು, ಮಗು ಉರಿದುಬೀಳುತ್ತದೆ. ಇದು ಔಷಧಿಯಿಂದಲೇ?

ಔಷಧಿಯಿಂದ ಅನ್ನುವುದಕ್ಕಿಂತ ಔಷಧಿ ಹೊರಟುಹೋಗುವುದರಿಂದ ಅನ್ನಬೇಕು. ರಕ್ತದಲ್ಲಿ ಔಷಧಿಯ ಮಟ್ಟ ಬೇಗ ಕುಸಿದಾಗ ಸಿಟ್ಟು, ಅಳು, ಅತಿಚಟುವಟಿಕೆ ಹಿಂದಿಗಿಂತ ಹೆಚ್ಚಾಗಿಯೇ ಮರುಕಳಿಸಬಹುದು. ಮೂವತ್ತು ನಿಮಿಷದಿಂದ ಒಂದೆರಡು ಗಂಟೆ ಇದ್ದು ತಣಿಯುತ್ತದೆ. ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವುದೇ ಇದರ ಗುರುತು. ಕಡಿಮೆ ಹೊತ್ತಿನ ಮಾತ್ರೆಗಳಲ್ಲಿ ಹೆಚ್ಚು, ನಿಧಾನ ಬಿಡುಗಡೆಯವುಗಳಲ್ಲಿ ಕಡಿಮೆ.

ವೈದ್ಯರ ಕೈಯಲ್ಲಿ ಉಪಾಯಗಳಿವೆ: ಮಾತ್ರೆಯ ಬಗೆ ಬದಲಿಸುವುದು, ಇಳಿಯುವ ಹೊತ್ತಿಗೆ ಸಣ್ಣ ಡೋಸ್ ಸೇರಿಸುವುದು. ಮನೆಯವರ ಕೈಯಲ್ಲೂ ಇದೆ. ಆ ಹೊತ್ತಿಗೆ ಸರಿಯಾಗಿ ಮನೆಪಾಠ, ಟ್ಯೂಷನ್, ಬುದ್ಧಿವಾದ ಯಾವುದನ್ನೂ ಇಟ್ಟುಕೊಳ್ಳಬೇಡಿ. ತಿನ್ನಲು ಕೊಟ್ಟು ಹೊರಗೆ ಆಡಲು ಬಿಡಿ. ಶಾಲೆಯಲ್ಲಿ ಏಳು ಗಂಟೆ ತನ್ನನ್ನು ತಾನು ಹಿಡಿದಿಟ್ಟುಕೊಂಡು ಬಂದ ಮಗುವಿಗೆ ಔಷಧಿ ಇರಲಿ ಬಿಡಲಿ ದಣಿವಾಗಿರುತ್ತದೆ ಎಂಬುದನ್ನೂ ಮರೆಯಬಾರದು.

ಸಿಟ್ಟು ಇಡೀ ದಿನ ಇದ್ದರೆ, ಬೆಳಿಗ್ಗೆ ಮಾತ್ರೆ ನುಂಗಿ ಒಂದು ಗಂಟೆಯಲ್ಲೇ ಶುರುವಾದರೆ ಲೆಕ್ಕ ಬೇರೆ. ಆಗ ಆ ಔಷಧಿಯೇ ಒಗ್ಗುತ್ತಿಲ್ಲ ಎಂಬ ಅನುಮಾನ ಬರುತ್ತದೆ. ಮೀಥೈಲ್‌ಫೆನಿಡೇಟ್ ಒಗ್ಗದವರಿಗೆ ಆಂಫೆಟಮಿನ್ ಒಗ್ಗುವುದು, ಅದು ಒಗ್ಗದವರಿಗೆ ಇದು ಒಗ್ಗುವುದು ಅಪರೂಪವೇನಲ್ಲ.

ಮಗು ಗೊಂಬೆಯ ಹಾಗೆ ಕೂತಿರುತ್ತದೆ. ನಗುವೂ ಇಲ್ಲ, ತಂಟೆಯೂ ಇಲ್ಲ.

ಇದನ್ನು ಯಶಸ್ಸು ಎಂದು ತಿಳಿಯಬೇಡಿ. ತಂಟೆಯ ಮಗು ಸುಮ್ಮನಾದರೆ ಸುತ್ತಲಿನವರಿಗೆ ಎಷ್ಟು ಹಾಯೆನಿಸುತ್ತದೆಂದರೆ, ಈ ಅಡ್ಡ ಪರಿಣಾಮವನ್ನು ಯಾರೂ ದೂರುವುದೇ ಇಲ್ಲ. ಭಾವನೆಗಳು ಮಂಕಾಗುವುದು, ಗೆಳೆಯರೊಡನೆ ಬೆರೆಯದಿರುವುದು, ಇಷ್ಟದ ಆಟದಲ್ಲೂ ಆಸೆ ಇಲ್ಲದಿರುವುದು ಹೆಚ್ಚಾಗಿ ಡೋಸ್ ಜಾಸ್ತಿಯಾಗಿದೆ ಎಂಬುದರ ಸೂಚನೆ. ಡೋಸ್ ತಗ್ಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತಗ್ಗಿಸಿದರೂ ಹೋಗದಿದ್ದರೆ ಔಷಧಿ ಬದಲಿಸುತ್ತಾರೆ. ಮಗುವನ್ನೇ ಕೇಳಿ. ‘ಮಾತ್ರೆ ತಗೊಂಡರೆ ನಾನು ನಾನಾಗಿರುವುದಿಲ್ಲ’ ಎಂದು ಹದಿಹರೆಯದವರು ಹೇಳಿದರೆ ಅದನ್ನು ನೆಪವೆಂದು ತಳ್ಳಿಹಾಕಬಾರದು. ಹಾಗೆ ತಳ್ಳಿಹಾಕಿದ ಮನೆಗಳಲ್ಲಿ ಮಾತ್ರೆ ಗುಟ್ಟಾಗಿ ಕಸದ ಬುಟ್ಟಿ ಸೇರುತ್ತದೆ.

ಕಣ್ಣು ಮಿಟುಕಿಸುವುದು, ಗಂಟಲು ಕೆರೆಯುವುದು ಶುರುವಾಗಿದೆ. ಮಾತ್ರೆ ನಿಲ್ಲಿಸಬೇಕೇ?

ಇವನ್ನು ಟಿಕ್ಸ್ ಎನ್ನುತ್ತಾರೆ. ಕಣ್ಣು ಪಟಪಟನೆ ಬಡಿಯುವುದು, ಭುಜ ಕುಣಿಸುವುದು, ಮೂಗು ಸೊಟ್ಟಗೆ ಮಾಡುವುದು, ಗಂಟಲಿನಿಂದ ಸಣ್ಣ ಸದ್ದು ಹೊರಡಿಸುವುದು ಹೀಗೆ ನಾನಾ ರೂಪ. ಉತ್ತೇಜಕಗಳು ಟಿಕ್ಸ್ ತರುತ್ತವೆ ಎಂಬ ಎಚ್ಚರಿಕೆ ಔಷಧಿಯ ಜೊತೆ ಬರುವ ಕಾಗದದಲ್ಲಿ ದಶಕಗಳಿಂದ ಇದೆ. ಆ ಹೆದರಿಕೆಯಿಂದ ಎಷ್ಟೋ ಮಕ್ಕಳಿಗೆ ಚಿಕಿತ್ಸೆಯೇ ಸಿಗದೆ ಹೋದದ್ದೂ ಇದೆ.

ಪ್ರಯೋಗಗಳು ಹೇಳುವುದು ಬೇರೆ. 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 22 ಪ್ರಯೋಗಗಳ 2,385 ಮಕ್ಕಳ ಮಾಹಿತಿಯನ್ನು ಒಟ್ಟಿಗೆ ನೋಡಿತು. ಟಿಕ್ಸ್ ಹೊಸದಾಗಿ ಬಂದದ್ದು ಅಥವಾ ಹೆಚ್ಚಾದದ್ದು ಉತ್ತೇಜಕ ತೆಗೆದುಕೊಂಡವರಲ್ಲಿ ಶೇ 5.7 ಮಂದಿಗೆ, ಔಷಧಿಯೇ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 6.5 ಮಂದಿಗೆ. ಅದಕ್ಕೂ ಮುಂಚೆ, 2002ರಲ್ಲಿ, ಮೊದಲೇ ಟಿಕ್ಸ್ ಇದ್ದ 136 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲೂ ಟಿಕ್ಸ್ ಹೆಚ್ಚಾದ ದೂರು ಮೀಥೈಲ್‌ಫೆನಿಡೇಟ್ ಪಡೆದವರಲ್ಲಿ ಶೇ 20, ಹುಸಿ ಮಾತ್ರೆಯವರಲ್ಲಿ ಶೇ 22 ಇತ್ತು.

ಹಾಗಾದರೆ ಇಷ್ಟೊಂದು ಮನೆಗಳಲ್ಲಿ ‘ಮಾತ್ರೆ ಕೊಟ್ಟ ಮೇಲೆ ಶುರುವಾಯಿತು’ ಎನ್ನುವುದು ಏಕೆ? ಟಿಕ್ಸ್ ಸಾಮಾನ್ಯವಾಗಿ ತಲೆಯೆತ್ತುವುದು ಐದರಿಂದ ಏಳನೇ ವಯಸ್ಸಿನ ಸುಮಾರಿಗೆ. ಎಡಿಎಚ್‌ಡಿಗೆ ಮಾತ್ರೆ ಶುರುಮಾಡುವುದೂ ಹೆಚ್ಚಾಗಿ ಶಾಲೆಯ ಮೊದಲ ವರ್ಷಗಳಲ್ಲಿ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಟಿಕ್ಸ್ ಬರುವ ಸಂಭವವೂ ಉಳಿದವರಿಗಿಂತ ಹೆಚ್ಚು. ಅಲ್ಲದೆ ಟಿಕ್ಸ್ ಅಲೆಯಂತೆ ಏರಿಳಿಯುತ್ತದೆ: ಕೆಲವು ವಾರ ಜೋರು, ಕೆಲವು ವಾರ ನಾಪತ್ತೆ. ಪರೀಕ್ಷೆ, ನೆಗಡಿ, ನಿದ್ದೆಗೇಡು ಯಾವುದಾದರೂ ಅದನ್ನು ಏರಿಸಬಲ್ಲದು. ಏರಿದ ವಾರ ಡೋಸ್ ಬದಲಾಗಿದ್ದರೆ ಆಪಾದನೆ ಡೋಸಿನ ಮೇಲೆ ಬೀಳುತ್ತದೆ.

ಸರಾಸರಿಯ ಮಾತು ಹೀಗಿದ್ದರೂ, ಕೆಲವು ಮಕ್ಕಳಲ್ಲಿ ಡೋಸ್ ಏರಿಸಿದಾಗ ಟಿಕ್ಸ್ ಏರಿ, ನಿಲ್ಲಿಸಿದಾಗ ಇಳಿದು, ಮತ್ತೆ ಕೊಟ್ಟಾಗ ಮರಳಿ ಬಂದದ್ದನ್ನು ವೈದ್ಯರು ಕಂಡಿದ್ದಾರೆ. ಅಂಥವರಿಗೆ ಔಷಧಿ ಬದಲಿಸಬೇಕು. ಉಳಿದವರಲ್ಲಿ ಕೆಲವು ವಾರ ಕಾದು ನೋಡುವುದೇ ಸರಿ. ಟಿಕ್ಸ್ ಮಗುವಿಗೆ ನೋವು ಕೊಡುತ್ತಿದೆಯೇ, ಗೇಲಿಗೆ ಗುರಿಮಾಡುತ್ತಿದೆಯೇ ಎಂಬುದೇ ಮುಖ್ಯ. ಮನೆಯವರ ಕಣ್ಣಿಗೆ ಚುಚ್ಚುವ ಟಿಕ್ಸ್ ಮಗುವಿನ ಗಮನಕ್ಕೇ ಬಂದಿರುವುದಿಲ್ಲ. ‘ಕಣ್ಣು ಹಾಗೆ ಮಾಡಬೇಡ’ ಎಂದು ಗದರಿದರಂತೂ ಅದು ಹೆಚ್ಚುತ್ತದೆ.

ಉಗುರಿನ ಸುತ್ತ ಚರ್ಮ ಕೀಳುವುದು, ತುಟಿ ಕಚ್ಚುವುದು, ಹಲ್ಲು ಕಡಿಯುವುದು?

ಡೋಸ್ ಜಾಸ್ತಿಯಾದಾಗ ಒಂದೇ ಕೆಲಸವನ್ನು ಬಿಡದೆ ಮಾಡುವ ಗೀಳು ಕೆಲವರಲ್ಲಿ ಕಾಣುತ್ತದೆ. ಹೆಬ್ಬೆರಳಿನ ಉಗುರಿನ ಬದಿಯ ಚರ್ಮವನ್ನು ರಕ್ತ ಬರುವವರೆಗೆ ಸುಲಿಯುತ್ತಾರೆ, ಒಳತುಟಿ ಹುಣ್ಣಾಗುವವರೆಗೆ ಕಚ್ಚುತ್ತಾರೆ, ಒಂದು ಅಕ್ಷರವನ್ನು ಐದು ಸಲ ಅಳಿಸಿ ಬರೆಯುತ್ತಾರೆ. ವಯಸ್ಕರು ದವಡೆ ಬಿಗಿ ಹಿಡಿದುಕೊಂಡು ಸಂಜೆಗೆ ಕಿವಿಯ ಮುಂದೆ ನೋವೆನ್ನುತ್ತಾರೆ. ಇವುಗಳಿಗೆ ಮೊದಲ ಮದ್ದು ಡೋಸ್ ಮರುಪರಿಶೀಲನೆ. ಮೈಕೈ ತಿರುಚಿದಂಥ, ಹಿಡಿತಕ್ಕೆ ಸಿಗದ ಚಲನೆಗಳು ಬಹಳ ಅಪರೂಪ, ಆದರೆ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ಕೈ ನಡುಗುತ್ತದೆ, ತಲೆ ಸುತ್ತುತ್ತದೆ, ಬೆರಳು ತಣ್ಣಗಾಗುತ್ತದೆ.

ಸಣ್ಣ ನಡುಕ ಮತ್ತು ತಲೆಸುತ್ತು ಔಷಧಿ ತುದಿಯಲ್ಲಿದ್ದಾಗ ಬರುವಂಥವು, ಜೊತೆಗೆ ಕಾಫಿ ಕುಡಿದಿದ್ದರೆ ಇನ್ನೂ ಸ್ಪಷ್ಟ. ಬೆರಳು ತಣ್ಣಗಾಗುವುದು ಬೇರೆ ವಿಷಯ. ಉತ್ತೇಜಕಗಳು ಕೈಕಾಲಿನ ತುದಿಯ ಸಣ್ಣ ರಕ್ತನಾಳಗಳನ್ನು ಬಿಗಿಯಾಗಿಸಬಹುದು. ಬೆರಳು ಬಿಳಿಚಿಕೊಂಡು, ನೀಲಿಯಾಗಿ, ಮತ್ತೆ ಕೆಂಪಾಗುತ್ತದೆ, ಜೋಮು ಹಿಡಿದಂತಾಗುತ್ತದೆ. ಬಹುಪಾಲು ಸೌಮ್ಯವಾಗಿಯೇ ಇರುತ್ತದೆ. ಬೆರಳ ತುದಿಯಲ್ಲಿ ಕಾರಣವಿಲ್ಲದೆ ಹುಣ್ಣು ಎದ್ದರೆ ಕಾಯಬೇಡಿ.

ದೃಷ್ಟಿ ಮಸುಕಾಗುವುದುಂಟೇ?

ಉಂಟು. ಕಣ್ಣಿನ ಪಾಪೆ ಹಿಗ್ಗುವುದರಿಂದ, ಹತ್ತಿರ ಮತ್ತು ದೂರಕ್ಕೆ ಕಣ್ಣು ಹೊಂದಿಕೊಳ್ಳುವುದು ತಡವಾಗುವುದರಿಂದ ಹಾಗಾಗುತ್ತದೆ. ಕೋನ ಕಿರಿದಾದ ಬಗೆಯ ಗ್ಲಾಕೋಮಾ ಇರುವವರು ಮಾತ್ರೆ ಬರೆಸಿಕೊಳ್ಳುವ ಮುಂಚೆಯೇ ಅದನ್ನು ಹೇಳಬೇಕು.

ಮೂರ್ಛೆರೋಗ ಇದ್ದರೆ ಈ ಮಾತ್ರೆ ಕೊಡಬಹುದೇ?

‘ಫಿಟ್ಸ್ ಇದ್ದವರಿಗೆ ಇದು ಬೇಡವೇ ಬೇಡ’ ಎಂಬ ಹಳೆಯ ನಿಷೇಧಕ್ಕೆ ಇಂದು ಅಷ್ಟು ಬಲವಿಲ್ಲ. ಉತ್ತೇಜಕಗಳು ಮೂರ್ಛೆ ಬರುವ ಹೊಸ್ತಿಲನ್ನು ತಗ್ಗಿಸಬಹುದು ಎಂಬ ಎಚ್ಚರಿಕೆಯನ್ನು ಔಷಧಿಯ ಕಾಗದಗಳು ಬಹುಕಾಲ ಹೊತ್ತುಬಂದಿವೆ. ಆದರೆ ಎಡಿಎಚ್‌ಡಿ ಇರುವವರಲ್ಲಿ ಮೂರ್ಛೆ, ಮೂರ್ಛೆರೋಗ ಇರುವವರಲ್ಲಿ ಎಡಿಎಚ್‌ಡಿ ಮೊದಲೇ ಹೆಚ್ಚು. ಔಷಧಿ ಇಲ್ಲದಿದ್ದರೂ ಎರಡೂ ಜೊತೆಯಾಗಿ ಕಾಣುತ್ತವೆ. ಅಮೆರಿಕದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಎಡಿಎಚ್‌ಡಿ ರೋಗಿಗಳ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರೇ ವ್ಯಕ್ತಿ ಎಡಿಎಚ್‌ಡಿ ಔಷಧಿ ತೆಗೆದುಕೊಂಡ ತಿಂಗಳುಗಳನ್ನು ತೆಗೆದುಕೊಳ್ಳದ ತಿಂಗಳುಗಳಿಗೆ ಹೋಲಿಸಿದಾಗ ಮೂರ್ಛೆ ಹೆಚ್ಚಾಗಿರಲಿಲ್ಲ, ತುಸು ಕಡಿಮೆಯೇ ಇತ್ತು.

ಫಿಟ್ಸ್ ಹತೋಟಿಯಲ್ಲಿದ್ದರೆ ನರರೋಗ ತಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ಹತೋಟಿ ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸುತ್ತಾರೆ. ಮೂರ್ಛೆಯ ಕೆಲವು ಔಷಧಿಗಳು ಇದರೊಂದಿಗೆ ತಳಕು ಹಾಕಿಕೊಳ್ಳುತ್ತವೆ. ಉದಾಹರಣೆಗೆ ಕಾರ್ಬಮಜೆಪಿನ್ ರಕ್ತದಲ್ಲಿ ಮೀಥೈಲ್‌ಫೆನಿಡೇಟ್ ಮಟ್ಟವನ್ನು ಕುಗ್ಗಿಸಬಹುದು. ಜೀವನದಲ್ಲಿ ಮೊದಲ ಸಲ ಫಿಟ್ಸ್ ಬಂದರೆ ವೈದ್ಯರನ್ನು ಕಾಣುವವರೆಗೆ ಮುಂದಿನ ಮಾತ್ರೆ ಬೇಡ.

ಇಲ್ಲದ್ದು ಕಾಣುವುದು, ಕೇಳುವುದು ಆಗಬಹುದೇ?

ಆಗಬಹುದು, ಆದರೆ ವಿರಳ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಉತ್ತೇಜಕ ಹೊಸದಾಗಿ ಶುರುಮಾಡಿದ, 13ರಿಂದ 25 ವರ್ಷದ ಎರಡು ಲಕ್ಷಕ್ಕೂ ಹೆಚ್ಚು ಮಂದಿಯನ್ನು ನೋಡಿತು. ಸುಮಾರು 660 ಜನರಲ್ಲಿ ಒಬ್ಬರಿಗೆ ಹೊಸದಾಗಿ ಮನೋವಿಕಾರದ ಲಕ್ಷಣಗಳು ಬಂದಿದ್ದವು. ಆಂಫೆಟಮಿನ್ ಗುಂಪಿನಲ್ಲಿ ಶೇ 0.21, ಮೀಥೈಲ್‌ಫೆನಿಡೇಟ್ ಗುಂಪಿನಲ್ಲಿ ಶೇ 0.10. ಅಂದರೆ ಒಂದು ಇನ್ನೊಂದರ ಎರಡರಷ್ಟು, ಆದರೆ ಎರಡೂ ಸಣ್ಣ ಸಂಖ್ಯೆಗಳೇ.

ಮಕ್ಕಳಲ್ಲಿ ಇದು ದೊಡ್ಡವರ ಹಾಗೆ ಕಾಣಿಸುವುದಿಲ್ಲ. ಮೈಮೇಲೆ ಹುಳು ಹರಿದಂತಾಗುತ್ತದೆ ಎನ್ನುವುದು, ಗೋಡೆಯ ಮೇಲೆ ಇಲ್ಲದ ಹಾವು, ಕೀಟಗಳನ್ನು ಕಂಡು ಹೆದರುವುದು ಹೆಚ್ಚು ವರದಿಯಾಗಿವೆ. ಇದ್ದಕ್ಕಿದ್ದಂತೆ ಎಲ್ಲರನ್ನೂ ಅನುಮಾನಿಸುವುದು, ನಿದ್ದೆಯೇ ಬೇಡವಾಗಿ ಎಲ್ಲೆಮೀರಿದ ಹುರುಪು ಬರುವುದು ಕೂಡ ಇದೇ ಸಾಲಿನವು. ಬಹುತೇಕರಲ್ಲಿ ಔಷಧಿ ನಿಲ್ಲಿಸಿದ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ತೊಂದರೆ ಇದ್ದರೆ ಸಂಕೋಚಪಟ್ಟುಕೊಳ್ಳದೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಮದುವೆ ಮಾತುಕತೆಗೆ ಅಡ್ಡಿಯಾದೀತೆಂದು ಸಂಬಂಧಿಕರು ಮುಚ್ಚಿಟ್ಟ ಕಾಯಿಲೆಯೂ ವೈದ್ಯರಿಗೆ ಗೊತ್ತಿರಬೇಕು.

ಬೇರೆ ಔಷಧಿಗಳ ಜೊತೆ ಸೇರಿದರೆ ನರಗಳಿಗೆ ತೊಂದರೆಯೇ?

ಎಂಎಒ ತಡೆಗಳು ಎಂಬ ಖಿನ್ನತೆಯ ಔಷಧಿಗಳನ್ನು ನಿಲ್ಲಿಸಿ ಕನಿಷ್ಠ 14 ದಿನ ಆಗುವವರೆಗೆ ಉತ್ತೇಜಕ ಕೊಡುವಂತಿಲ್ಲ. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಜಿಗಿಯಬಹುದು. ಲಿನೆಜೋಲಿಡ್ ಎಂಬ ಆಂಟಿಬಯಾಟಿಕ್‌ಗೂ ಇದೇ ಗುಣ ಸ್ವಲ್ಪ ಇದೆ, ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಸೆರೊಟೋನಿನ್ ಎಂಬ ಇನ್ನೊಂದು ಮೆದುಳಿನ ರಾಸಾಯನಿಕವನ್ನು ಹೆಚ್ಚಿಸುವ ಖಿನ್ನತೆಯ ಮಾತ್ರೆಗಳನ್ನು ಉತ್ತೇಜಕದ ಜೊತೆ ಕೊಡುವುದು ರೂಢಿಯಲ್ಲಿದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೂ ಮುಖ್ಯವಾಗಿ ಆಂಫೆಟಮಿನ್ ಜೊತೆ ಸೆರೊಟೋನಿನ್ ವಿಪರೀತವಾಗುವ ಅಪಾಯವಿದೆ: ತಳಮಳ, ಜ್ವರ, ಬೆವರು, ಭೇದಿ, ಸ್ನಾಯುಗಳು ಅದುರುವುದು. ಮೂಗು ಕಟ್ಟಿದಾಗ ಕೊಡುವ ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಯೂ ಒಂದು ಬಗೆಯ ಉತ್ತೇಜಕವೇ. ಎನರ್ಜಿ ಡ್ರಿಂಕ್‌ಗಳ ವಿಷಯ ಹೇಳಬೇಕಾಗಿಯೇ ಇಲ್ಲ.

ನಿಧಾನ ಬಿಡುಗಡೆಯ ಮಾತ್ರೆಯನ್ನು ಜಗಿಯಬಾರದು, ಪುಡಿ ಮಾಡಬಾರದು. ಇಡೀ ದಿನಕ್ಕೆ ಹಂಚಬೇಕಾದ ಡೋಸ್ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಮಾತ್ರೆ ನುಂಗಲಾಗದ ಮಗುವಿಗೆ ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕಾಳುಗಳನ್ನು ಉದುರಿಸಿ ಕೊಡಬಹುದಾದ ಬಗೆಗಳಿವೆ. ನಿಮ್ಮದು ಅಂಥದ್ದೇ ಎಂದು ಔಷಧಿ ಅಂಗಡಿಯಲ್ಲಿ ಖಚಿತಪಡಿಸಿಕೊಳ್ಳಿ.

ವರ್ಷಗಟ್ಟಲೆ ತೆಗೆದುಕೊಂಡರೆ ಮೆದುಳು ಹಾಳಾಗುವುದಿಲ್ಲವೇ?

ವೈದ್ಯರು ಬರೆದ ಡೋಸಿನಲ್ಲಿ ಮೆದುಳಿನ ಕೋಶಗಳು ಸಾಯುತ್ತವೆ ಎಂಬುದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ. ಈ ಹೆದರಿಕೆ ಬಹುಪಾಲು ಹುಟ್ಟಿದ್ದು ಪ್ರಾಣಿಗಳಿಗೆ ಭಾರೀ ಡೋಸಿನಲ್ಲಿ ಮೆಥಾಂಫೆಟಮಿನ್, ಆಂಫೆಟಮಿನ್ ಚುಚ್ಚಿ ನಡೆಸಿದ ಪ್ರಯೋಗಗಳಿಂದ. ನಶೆಗಾಗಿ ಮಿತಿಮೀರಿ ಬಳಸುವವರಿಗೂ ಅದು ಅನ್ವಯಿಸುತ್ತದೆ.

ಹಾಗೆಂದು ಮೆದುಳಿನಲ್ಲಿ ಏನೂ ಬದಲಾಗುವುದಿಲ್ಲ ಎಂದೂ ಅಲ್ಲ. 2013ರಲ್ಲಿ ಪ್ರಕಟವಾದ ಒಂದು ಸಣ್ಣ ಪೆಟ್ ಅಧ್ಯಯನದಲ್ಲಿ, ವರ್ಷವಿಡೀ ಮೀಥೈಲ್‌ಫೆನಿಡೇಟ್ ತೆಗೆದುಕೊಂಡ 18 ವಯಸ್ಕರ ಮೆದುಳಿನ ಒಂದು ಭಾಗದಲ್ಲಿ ಡೋಪಮಿನ್ ಸಾಗಣೆ ಪ್ರೋಟೀನುಗಳು ಶೇ 24ರಷ್ಟು ಹೆಚ್ಚಿದ್ದವು. ಔಷಧಿ ತಡೆಯುವುದನ್ನೇ ಮೆದುಳು ಹೆಚ್ಚು ತಯಾರಿಸಿಕೊಂಡಂತಾಯಿತು. ಔಷಧಿ ಇಲ್ಲದ ದಿನ ಕೆಲವರಿಗೆ ಲಕ್ಷಣಗಳು ಹಿಂದಿಗಿಂತ ಜೋರಾಗಿ ಕಾಣುವುದಕ್ಕೆ ಇದೂ ಕಾರಣವಿರಬಹುದೆಂದು ಆ ಸಂಶೋಧಕರು ಸೂಚಿಸಿದರು.

ಕೈಕಾಲು ನಡುಗಿ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಬರುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಎಡಿಎಚ್‌ಡಿ ಮತ್ತು ಅಂಥ ಕಾಯಿಲೆಗಳ ನಡುವೆ ನಂಟು ಕಂಡ ದಾಖಲೆ ಆಧಾರಿತ ಅಧ್ಯಯನಗಳಿವೆ. ಆದರೆ ಉತ್ತೇಜಕ ಹೆಚ್ಚಾಗಿ ಸಿಗುವುದು ತೀವ್ರ ಎಡಿಎಚ್‌ಡಿ ಇದ್ದವರಿಗೇ ಆದ್ದರಿಂದ, ಕಾರಣ ಮಾತ್ರೆಯೋ ಮೂಲ ತೊಂದರೆಯೋ ಎಂಬುದನ್ನು ಅಂಥ ಅಧ್ಯಯನ ಬಿಡಿಸಿ ಹೇಳಲಾರದು. ಮಾತ್ರೆಯೇ ಕಾರಣ ಎಂಬುದು ಸಾಬೀತಾಗಿಲ್ಲ.

ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ?

ಸಾಮಾನ್ಯ ಡೋಸಿನಲ್ಲಿರುವ ಮಗು ಒಂದೆರಡು ದಿನ ಮಾತ್ರೆ ತಪ್ಪಿಸಿದರೆ ಅಪಾಯವಿಲ್ಲ, ಹಳೆಯ ಲಕ್ಷಣಗಳು ಮರಳುತ್ತವೆ ಅಷ್ಟೇ. ವೈದ್ಯರ ಒಪ್ಪಿಗೆಯಿಂದ ರಜೆಯಲ್ಲಿ ಬಿಡುವು ಕೊಡುವವರೂ ಇದ್ದಾರೆ. ಹೆಚ್ಚಿನ ಡೋಸಿನಲ್ಲಿ ಬಹುಕಾಲ ಇದ್ದವರು ಥಟ್ಟನೆ ಬಿಟ್ಟರೆ ದಣಿವು, ಅತಿ ನಿದ್ದೆ, ಕುಸಿದ ಮನಸ್ಸು ಕಾಡಬಹುದು. ಮನಸ್ಸು ಕುಸಿಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಉತ್ತೇಜಕವಲ್ಲದ ಔಷಧಿಗಳಲ್ಲಿ ಈ ತೊಂದರೆಗಳಿಲ್ಲವೇ?

ಬೇರೆ ತೊಂದರೆಗಳಿವೆ. ಅಟೊಮಾಕ್ಸೆಟಿನ್ ನಿದ್ದೆ ಕೆಡಿಸುವುದು ಕಡಿಮೆ, ಬದಲಿಗೆ ತೂಕಡಿಕೆ ಮತ್ತು ಹೊಟ್ಟೆ ತೊಳಸುವುದು ತರುತ್ತದೆ. ಅದರ ಪೂರ್ತಿ ಗುಣ ಕಾಣಲು ವಾರಗಳೇ ಬೇಕು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆಗಳ ಬಗ್ಗೆ 2005ರಿಂದ ಅಮೆರಿಕದಲ್ಲಿ ಅದರ ಮೇಲೆ ಅತ್ಯುನ್ನತ ದರ್ಜೆಯ ಎಚ್ಚರಿಕೆ ಇದೆ. ಕ್ಲೋನಿಡಿನ್ ಮತ್ತು ಗ್ವಾನ್‌ಫಸಿನ್ ಟಿಕ್ಸ್ ಇರುವವರಿಗೆ ಅನುಕೂಲ, ರಾತ್ರಿಯ ನಿದ್ದೆಗೂ ಸಹಾಯಕ. ಹಗಲು ಜೊಂಪು, ರಕ್ತದೊತ್ತಡ ತಗ್ಗುವುದು ಅವುಗಳ ಕಾಟ. ಇವೆರಡನ್ನು ಥಟ್ಟನೆ ನಿಲ್ಲಿಸಲೇಬಾರದು, ರಕ್ತದೊತ್ತಡ ಪುಟಿದೇಳುತ್ತದೆ. ಈ ಒಂದು ವಿಷಯದಲ್ಲಿ ಉತ್ತೇಜಕಗಳೇ ಹೆಚ್ಚು ಸೌಮ್ಯ.

ಯಾವಾಗ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಫಿಟ್ಸ್ ಬಂದರೆ. ಹಿಂದೆಂದೂ ಇರದಷ್ಟು ತೀವ್ರ ತಲೆನೋವು ಹಠಾತ್ತನೆ ಬಂದರೆ. ಮುಖದ ಒಂದು ಬದಿ ಜೋಲುಬಿದ್ದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ. ಎದೆನೋವು ಬಂದರೆ ಅಥವಾ ಆಡುವಾಗ, ಓಡುವಾಗ ಪ್ರಜ್ಞೆ ತಪ್ಪಿದರೆ. ಜ್ವರದ ಜೊತೆ ಮೈ ಬಿಗಿದು ಅದುರುತ್ತಿದ್ದರೆ, ಗೊಂದಲ ಮಾತಾಡಿದರೆ. ಇಲ್ಲದ್ದನ್ನು ಕಂಡು ಹೆದರುತ್ತಿದ್ದರೆ, ಸಾಯುವ ಮಾತಾಡಿದರೆ. ಮನೆಯ ಚಿಕ್ಕ ಮಗು ಅಣ್ಣನ ಮಾತ್ರೆ ನುಂಗಿದ್ದರೆ ಲಕ್ಷಣಕ್ಕೂ ಕಾಯಬೇಡಿ. ಹೋಗುವಾಗ ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಯಾವ ಔಷಧಿ, ಎಷ್ಟು ಮಿಲಿಗ್ರಾಂ, ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ಎಂಬುದನ್ನು ಅಲ್ಲಿನವರು ಮೊದಲು ಕೇಳುತ್ತಾರೆ.